ಮಾಮಾ ನೋಡದ ಕೊನೆಯ ದೃಶ್ಯ

ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಸೇಡಂನಲ್ಲಿ ಎಲ್ಲರಿಗೂ ಬೇಕಾದ ಸಂಗೀತ ಮಾಸ್ತರರು. ಅವರಿಗಿದ್ದವನು ಒಬ್ಬನೇ ಶತ್ರು. ಅವನೂ ಒಂದು ಹಳೆಯ ಕಪ್ಪುಬಿಳುಪು ಸಿನಿಮಾದಲ್ಲಿ! ಒಬ್ಬ ಗುರು, ಇಬ್ಬರು ಶಿಷ್ಯರು. ಕಿರಿಯನಿಗೆ ಕೊಡೆಂದು ಗುರು ಒಪ್ಪಿಸಿದ ಹಾಡುಗಳ ಕೈಬರಹದ ವಹಿಯನ್ನು ಹಿರಿಯ ಹೊಟ್ಟೆಕಿಚ್ಚಿನಿಂದ ಬಚ್ಚಿಡುತ್ತಾನೆ.

ಪ್ರಾಯದಲ್ಲೊಮ್ಮೆ ಶಹಾಬಾದಿನ ಟಾಕೀಸಿನಲ್ಲಿ ಮಾಮಾ ಕುರ್ಚಿಯ ಮೇಲೆ ನಿಂತು, “ಏ ಹರಾಮಖೋರ, ಆ ವಹಿ ಅವನ್ದದ, ಕೊಡೋ!” ಎಂದು ಪರದೆಗೆ ಕೂಗಿದ್ದರಂತೆ. ಕೊಟ್ಟನೇ? ಎಲ್ಲಿಯದು! ಟಾಕೀಸಿನವರು ಮಾಮಾನನ್ನೇ ಹೊರಗೆ ಹಾಕಿದರು.

ಚಿತ್ತಾಪುರದಲ್ಲಿ ನನ್ನ ಮದುವೆಯ ದಿನವೂ ಟಿವಿಯಲ್ಲಿ ಅದೇ ಸಿನಿಮಾ.

“ಮಾಮಾ, ಊಟ ಆರಾಕತ್ತದ್ರಿ.”

“ಆರ್ಲಿ ತಗಿ. ಇವನ ಹೊಟ್ಟ್ಯಾಗಿನ ಬೆಂಕಿ ಯಾವಾಗ ಆರ್ತದ ನೋಡ್ತೀನಿ!”

ಆದರೆ ಪ್ರತಿ ಸಲವೂ ಕೊನೆಯಲ್ಲಿ ಹಿರಿಯ ತಪ್ಪೊಪ್ಪಿಕೊಳ್ಳಲು ಹೊರಡುತ್ತಲೇ ಮಾಮಾ ಎದ್ದುಬಿಡುವರು. “ಎಮ್ಮಿಗಿ ನೀರಿಡಬೇಕು.” ಎಮ್ಮೆ ಮಾರಿ ಮೂರು ವರ್ಷವಾಗಿತ್ತು!

ಹೋದ ತಿಂಗಳು ನನ್ನ ಮೊಬೈಲಿನಲ್ಲಿ ನೋಡುತ್ತಿದ್ದೆವು. ಎದ್ದವರ ಕೈ ಹಿಡಿದೆ. “ಕುಂದ್ರಿ ಮಾಮಾ. ಮುಂದಿಂದು ಯಾಕ ನೋಡಂಗಿಲ್ಲ?”

ಮೊಬೈಲಿನತ್ತ ಬೆರಳು ಮಾಡಿ, “ಅಂವ ಒಪ್ಕೊತಾನ. ನಾ ಇನ್ನಾ ಒಪ್ಕೊಂಡಿಲ್ಲ” ಅಂದರು.

ವಾಡಿಯಲ್ಲಿ ಒಬ್ಬರೇ ಗುರುಗಳ ಹತ್ತಿರ ಪ್ರಾಯದಲ್ಲಿ ಮಾಮಾನೂ ರಾವೂರಿನ ಒಬ್ಬ ಗೆಳೆಯನೂ ಕಲಿತವರು. ಕಲಬುರಗಿಯ ಹಾಡಿನ ಸ್ಪರ್ಧೆ ಒಂದು ದಿನ ಮೊದಲೇ ನಡೆಯುತ್ತದೆ, ಅವನಿಗೂ ಹೇಳು ಎಂದು ಗುರುಗಳು ಹೇಳಿಕಳಿಸಿದ್ದರು. ಮಾಮಾ ಹೇಳಲಿಲ್ಲ. ಬಹುಮಾನ ಗೆದ್ದು ಮಾಸ್ತರರಾದರು. ಗೆಳೆಯ ಕಲ್ಲಿನ ಗಣಿಗೆ ದುಡಿಯಲು ಹೋದ.

ಇಷ್ಟು ಹೇಳಿ ಮಾಮಾ, “ನಡಿ, ರಾವೂರಕ್ಕ ಹೋಗಮು” ಅಂದರು. ಎಪ್ಪತ್ತು ದಾಟಿದ ಮೇಲೆ ಹೀಗೆ ಹೊರಡುವ ಧೈರ್ಯ ನನಗೆ ಬಂದೀತೇ?

ಗೆಳೆಯನ ಅಂಗಳದಲ್ಲಿ ಮಾಮಾ ನಿಂತೇ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದರು. ಗೆಳೆಯ ಕೂತಲ್ಲಿಂದಲೇ ಹೇಳಿದ:

“ಹೊಸಾ ಧೋತರ ಉಟ್ಕೊಂಡು ಹೋಗಿದ್ದೆ. ಅಲ್ಲಿ ಜಮಖಾನಿ ಸುತ್ತಾಕತ್ತಿದ್ರು.”

“ಹೊಡಿಯೋ ನನಗ” ಎಂದರು ಮಾಮಾ.

“ಹೊಡದ್ರ ಆ ದಿನ ಬರ್ತದೇನು? ಅವತ್ತ ಹಾಡಬೇಕಂದಿದ್ದು ಈಗ ಹಾಡ್ತೀನಿ. ಕುಂತು ಕೇಳು.”

ಕಲ್ಲಿನ ಧೂಳು ಕುಡಿದ ದನಿ ಮೊದಲ ಸಾಲಿನಲ್ಲೇ ಒಡೆಯಿತು. ಮಾಮಾ ನೆಲದ ಮೇಲೆ ಕೂತರು. ಗೆಳೆಯನ ಉಸಿರು ನಿಂತಲ್ಲಿ ಮೆಲ್ಲಗೆ ಆ ಸ್ವರವನ್ನು ಹಿಡಿದಿಟ್ಟರು. ಉಸಿರು ಮರಳಿದೊಡನೆ ಸುಮ್ಮನಾಗಿ, ದಾರಿ ಬಿಟ್ಟುಕೊಟ್ಟರು.