ಕೀರ್ತಿಯ ಬಾಯಿಗೆ ಬಿದ್ದ ದೋಸೆ

ಕೀರ್ತಿಯು ಮನುಷ್ಯನನ್ನು ಕೆಡಿಸುತ್ತದೆ ಎಂಬ ಮಾತನ್ನು ನಾನು ಬಹುಕಾಲ ಒಪ್ಪಿದವನಲ್ಲ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಕೀರ್ತಿಯನ್ನು ಕಂಡವರೇ ಅಲ್ಲ. ಕಾಣದವರ ಸಾಕ್ಷ್ಯಕ್ಕೆ ಬೆಲೆಯೆಷ್ಟು? ಏಳನೆಯ ತರಗತಿಗೆ ಶಾಲೆ ಬಿಟ್ಟು, ಮಿಕ್ಕ ವಿದ್ಯೆಯನ್ನೆಲ್ಲ ಮುಳಬಾಗಿಲಿನ ವಾಚನಾಲಯದ ಬೆಂಚಿನ ಮೇಲೆ ಸಂಪಾದಿಸಿಕೊಂಡ ನನಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಯಾರು ಏನು ಹೇಳಿದರೂ "ಹಾಗೆಂದವರು ಯಾರು?" ಎಂದು ಕೇಳುವುದು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ, ತನ್ನ ತಂದೆಗೆ ಅಳಿಯ ಬಹಳ ಹಿಡಿಸಿದ್ದಾನೆಂದು ಹೇಳಿದಾಗಲೂ ಇದನ್ನೇ ಕೇಳಿದೆ. ಆಕೆ ಇಂದಿಗೂ ಮರೆತಿಲ್ಲ.

ಕಳೆದ ವರ್ಷ ಅದೇ ವಾಚನಾಲಯದಲ್ಲಿ, ಗೋಡೆಗೆ ಬಿಳಿಯ ಪಂಚೆ ಕಟ್ಟಿ, ಹಳೆಯ ಕಪ್ಪುಬಿಳುಪು ಚಿತ್ರವೊಂದನ್ನು ತೋರಿಸಿದರು. ಬೀದಿಯಲ್ಲಿ ಪತ್ರಿಕೆ ಮಾರುವ ವಾಚಾಳಿಯೊಬ್ಬನಿಗೆ ರೇಡಿಯೋದಲ್ಲಿ ಮಾತನಾಡುವ ಅವಕಾಶ ಸಿಗುತ್ತದೆ. ದೇಶವೆಲ್ಲ ಅವನ ಮಾತಿಗೆ ಮರುಳಾಗುತ್ತದೆ. ಮಂತ್ರಿಗಳು ಅವನ ಬಾಗಿಲು ಕಾಯುತ್ತಾರೆ. ಕೊನೆಗೆ ಅಹಂಕಾರ ನೆತ್ತಿಗೇರಿ, ಎಲ್ಲರೂ ಬಿಟ್ಟುಹೋಗಿ, ದೊಡ್ಡ ಮನೆಯಲ್ಲಿ ಒಬ್ಬನೇ ಕುಳಿತು ಊಟದ ಮೇಜಿನೊಡನೆ ಮಾತನಾಡುತ್ತಾನೆ. ದೀಪ ಹೊತ್ತಿಕೊಂಡಾಗ ಸಭೆ ನಿಟ್ಟುಸಿರಿಟ್ಟಿತು. ನಾನು ಎದ್ದು ನಿಂತೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಪಳಗಿದ ಗಂಟಲು ನನ್ನದು, ಧ್ವನಿವರ್ಧಕದ ಹಂಗಿಲ್ಲ. "ಕೀರ್ತಿ ಅವನನ್ನು ಕೆಡಿಸಿತು ಎಂದವರು ಯಾರು? ಕೆಟ್ಟವನಿಗೆ ಕೀರ್ತಿ ಬಂದಿತು, ಅಷ್ಟೆ. ಯೋಗ್ಯನಿಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ" ಎಂದು ದೀರ್ಘವಾಗಿ ವಾದಿಸಿದೆ. ಯೋಗ್ಯನಿಗೆ ಉದಾಹರಣೆಯಾಗಿ ಯಾರ ಹೆಸರನ್ನೂ ಹೇಳಲಿಲ್ಲ. ಸಭೆಗೆ ತಾನಾಗಿ ಹೊಳೆಯಲೆಂದು ಬಿಟ್ಟೆ.

ಪಕ್ಕದಲ್ಲಿ ಕುಳಿತಿದ್ದ ಮುನಿಶಾಮಪ್ಪ ನನ್ನ ಪಂಚೆಯ ಅಂಚನ್ನು ಎಳೆದ. ಇವನು ನನ್ನ ಬಾಲ್ಯದ ಗೆಳೆಯ. ಬಸ್ ನಿಲ್ದಾಣದ ಎದುರು ತಂದೆಯ ಕಾಲದ ದೋಸೆ ಹೋಟೆಲನ್ನು ನಡೆಸುವವನು. "ಚಾಲು, ಸಾಕು ಕೂತ್ಕೊಳಯ್ಯ. ನಂಗೆ ಹಿಟ್ಟು ರುಬ್ಬೋಕೆ ಹೋಗ್ಬೇಕು" ಎಂದ. ಆದರೆ ಆ ಹೊತ್ತಿಗೆ, ಫೋಟೋ ಸ್ಟುಡಿಯೋದ ಶಬ್ಬೀರ್ ನನ್ನ ವಾದವನ್ನೆಲ್ಲ ಮೊಬೈಲಿನಲ್ಲಿ ಹಿಡಿದಾಗಿತ್ತು. ಮದುವೆಯ ಆಲ್ಬಮ್ಮುಗಳನ್ನು ಕೇಳುವವರು ಕಡಿಮೆಯಾದ ಮೇಲೆ ಅವನು ಯೂಟ್ಯೂಬಿನಲ್ಲಿ ಒಂದು ಚಾನೆಲ್ ನಡೆಸುತ್ತಿದ್ದ. ವಾರ ಕಳೆಯುವುದರೊಳಗೆ ಮನೆಗೆ ಬಂದ. "ಯಜಮಾನ್ರೇ, ನಿಮ್ ಮಾತು ಬೈರಕೂರು ದಾಟಿ ಆಂಧ್ರಕ್ಕೆ ಹೋಗೈತೆ. ವಾರ ವಾರ ಒಂದೊಂದು ವಿಷ್ಯ ಹಿಡ್ಕೊಂಡು ಹಿಂಗೇ ಝಾಡಿಸ್ಬಿಡಿ."

ಹೀಗೆ 'ಹಾಗೆಂದವರು ಯಾರು?' ಎಂಬ ಕಾರ್ಯಕ್ರಮ ಹುಟ್ಟಿತು. ದೇವರಾಯಸಮುದ್ರದ ಕೆರೆಯ ಬಗ್ಗೆ ಹಿರಿಯರು ಹೇಳುವ ಕಥೆಯನ್ನು ಶಂಕಿಸಿದೆ. ಬೆಂಗಳೂರಿನಲ್ಲಿ ಶ್ರೀನಿವಾಸಪುರದ ಮಾವು ಎಂದು ಮಾರುವುದೆಲ್ಲ ಶ್ರೀನಿವಾಸಪುರದ್ದೇ ಎಂಬುದನ್ನು ಶಂಕಿಸಿದೆ. ಜನ ಕುಣಿದಾಡಿದರು. ಕ್ಷೌರದಂಗಡಿಯಲ್ಲಿ ನನಗೆ ಸರದಿಯಿಲ್ಲದಾಯಿತು; ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಕಾದಿರತೊಡಗಿತು. ಪುಢಾರಿಯೊಬ್ಬರು ಮನೆಗೇ ಬಂದು, ತಮ್ಮ ಎದುರಾಳಿಯ ವಿಷಯದಲ್ಲಿ ಒಂದು ಸಣ್ಣ ಅನುಮಾನವನ್ನು ವ್ಯಕ್ತಪಡಿಸಲಾದೀತೇ ಎಂದು ವಿನಯದಿಂದ ಕೇಳಿದರು. ನಾನು ಒಪ್ಪಲಿಲ್ಲ, ಅವರು ಇನ್ನೊಮ್ಮೆ ಬಂದು ಕೇಳಲೆಂಬ ಆಸೆಯಿತ್ತು. ಮನೆಯಲ್ಲಿ ಉಪ್ಪು ಕೇಳುವಾಗಲೂ ನನ್ನ ಮುಖ ಬಲಕ್ಕೆ ವಾಲುತ್ತಿತ್ತು, ಶಬ್ಬೀರನ ಕ್ಯಾಮೆರಾ ಆ ಕಡೆಗಿರುತ್ತಿದ್ದುದರಿಂದ. "ಉಪ್ಪು ಈ ಕಡೆ ಐತೆ ಕಣ್ರೀ" ಎನ್ನುತ್ತಿದ್ದಳು ಹೆಂಡತಿ.

ಒಂದು ಬೆಳಗ್ಗೆ ಮುನಿಶಾಮಪ್ಪನ ಹೋಟೆಲಿನಲ್ಲಿ ಕುಳಿತಿದ್ದೆ. ನನ್ನ ನಂತರ ಬಂದ ವೇಮಗಲ್ಲಿನ ಕಾರ್ಖಾನೆಯವರಿಗೆ ಮೊದಲು ದೋಸೆ ಹೋಯಿತು. ನಾನು ಗಂಟಲು ಸರಿಮಾಡಿಕೊಂಡೆ.

"ಇರಯ್ಯ, ಬತ್ತದೆ. ಅವ್ರು ಡ್ಯೂಟಿಗೆ ಹೋಗೋರು. ನಿಂಗೇನ್ ಕೆಲ್ಸ?"

ಆಂಧ್ರದವರೆಗೆ ಹಬ್ಬಿದ ಮನುಷ್ಯನಿಗೆ ಕೇಳುವ ಪ್ರಶ್ನೆಯೇ ಇದು? ಆ ವಾರದ ಕಾರ್ಯಕ್ರಮದಲ್ಲಿ ಬಲಕ್ಕೆ ವಾಲಿ ಹೇಳಿದೆ: "ಮುಳಬಾಗಿಲಿನ ದೋಸೆಗೆ ತುಪ್ಪ ಹಾಕುತ್ತಾರೆ ಎಂದವರು ಯಾರು? ಬಸ್ ನಿಲ್ದಾಣದ ಎದುರು ಸವರುವುದು ತುಪ್ಪವನ್ನಲ್ಲ, ತುಪ್ಪದ ನೆನಪನ್ನು." ಆ ದಿನ ನಾನು ತಿಂದ ದೋಸೆಯ ತುಪ್ಪ ಮೊಣಕೈವರೆಗೆ ಇಳಿದಿತ್ತೆಂಬುದು ಬೇರೆ ಮಾತು. ವಾಕ್ಯ ಚೆನ್ನಾಗಿ ಕೂಡಿಬಂದಿತ್ತು. ಚೆನ್ನಾಗಿ ಕೂಡಿಬಂದ ವಾಕ್ಯವನ್ನು ಕೇವಲ ಸುಳ್ಳೆಂಬ ಕಾರಣಕ್ಕೆ ಬಿಡಲು ನನಗೆ ಮನಸ್ಸಾಗಲಿಲ್ಲ.

ಹೋಟೆಲು ಬರಿದಾಯಿತು. ಮುನಿಶಾಮಪ್ಪ ತನ್ನದೇ ಬೆಂಚಿನ ಮೇಲೆ ಪತ್ರಿಕೆ ಹಿಡಿದು ಕುಳಿತಿದ್ದ. ಆ ಹೋಟೆಲಿನಲ್ಲಿ ಅವನು ಕುಳಿತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಇನ್ನೊಂದ್ ತಿಂಗ್ಳು ಹಿಂಗೇ ಆದ್ರೆ ಬಾಗ್ಲು ಹಾಕೋದೇಯ" ಎಂದು ಪತ್ರಿಕೆಗೇ ಹೇಳಿದ. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಉತ್ತರ ಸಿದ್ಧವಿತ್ತು.

ಮುಂದಿನ ವಾರ, ನಾನು ಹೇಳಿದ್ದು ತಪ್ಪು, ತುಪ್ಪ ಧಾರಾಳವಾಗಿದೆ ಎಂದು ಒಪ್ಪಿಕೊಂಡೆ. ಒಬ್ಬರೂ ನಂಬಲಿಲ್ಲ. ಯಜಮಾನರನ್ನು ದೋಸೆ ಕೊಟ್ಟು ಕೊಂಡುಕೊಂಡಿದ್ದಾರೆ ಎಂಬ ಮಾತು ಕೋಲಾರದವರೆಗೆ ಹಬ್ಬಿತು. ನನಗೆ ಕಿಟಕಿಯ ಸೀಟು ಹಿಡಿದಿಡುತ್ತಿದ್ದ ಕಂಡಕ್ಟರನೇ ಅದರಲ್ಲಿ ಬೇರೆಯವರನ್ನು ಕೂರಿಸಿ, "ಯಾರ್ ಹೇಳಿದ್ರೂ ನಂಬ್ಬೇಡಿ ಅಂತ ಕಲ್ಸಿದ್ದು ನೀವೇ ಅಲ್ವಾ ಸ್ವಾಮಿ? 'ನನ್ನೊಬ್ಬನ್ನ ಬಿಟ್ಟು' ಅಂತ ನೀವು ಹೇಳಿರ್ಲಿಲ್ವಲ್ಲ" ಎಂದ. ಇಷ್ಟು ಶ್ರದ್ಧೆಯ ಶಿಷ್ಯರು ಯಾವ ಗುರುವಿಗೂ ಸಿಗದಿರಲಿ.

ಉಪಾಯ ಹೊಳೆದದ್ದು ಮುನಿಶಾಮಪ್ಪನಿಗೆ. "ಈಗ ನಿನ್ ಮಾತು ಯಾರೂ ನಂಬಲ್ಲ, ಅಲ್ವಾ? ಹಂಗಾದ್ರೆ ಇನ್ನೊಂದ್ಸಲ ಬಯ್ಯಿ. ಬಾಯ್ತುಂಬ ಬಯ್ಯಿ. ನನ್ ಹೋಟ್ಲಿಗೆ ಕಾಲಿಡಲ್ಲ ಅಂತ ಆಣೆ ಇಡು."

ಬೈದೆ, ಆಣೆ ಇಟ್ಟೆ, ಅದೇ ನನ್ನ ಕೊನೆಯ ಕಾರ್ಯಕ್ರಮವೆಂದೂ ಸಾರಿದೆ. ಈ ಮುದುಕನಿಗೆ ಈ ಸಲ ಯಾವುದೋ ಎದುರಾಳಿ ಹೋಟೆಲಿನವರು ದುಡ್ಡು ತಿನ್ನಿಸಿರಬೇಕೆಂದು ಊರು ತೀರ್ಮಾನಿಸಿತು. ಈಗ ಮುನಿಶಾಮಪ್ಪನ ಹೋಟೆಲಿನಲ್ಲಿ ನಿಲ್ಲಲೂ ಜಾಗವಿಲ್ಲ. ಮಾಲೂರಿನಿಂದಲೂ ಜನ ಬರುತ್ತಾರೆ.

ನಾನು ಹಿತ್ತಿಲ ಬಾಗಿಲಿನಿಂದ ಹೋಗಿ ರುಬ್ಬುವ ಯಂತ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂರುತ್ತೇನೆ. ಮೊದಲ ದಿನ ಮುನಿಶಾಮಪ್ಪ ತಾನೇ ತಟ್ಟೆ ತಂದುಕೊಟ್ಟ. "ಮುಂದ್ಗಡೆ ಮಾತ್ರ ಬರ್ಬೇಡ ಕಣಯ್ಯ, ವ್ಯಾಪಾರ ಕೆಡ್ತದೆ. ಆ ಸಿನಿಮಾದವ್ನಿಗೆ ಬರೀ ಮೇಜು ಉಳೀತು. ನಿಂಗೆ ದೋಸೆನಾದ್ರೂ ಐತೆ" ಎಂದು ಎದುರು ನಿಂತ.

ದೋಸೆ ಮುರಿದೆ. ಜನಸಂದಣಿಯ ಭರಾಟೆಯೋ ಏನೋ, ಅದರ ಮೇಲೆ ತುಪ್ಪದ ಒಂದು ತೊಟ್ಟೂ ಇರಲಿಲ್ಲ. ಬೆರಳು ಒಣಗಿಯೇ ಇತ್ತು. ಇಷ್ಟು ಸ್ಪಷ್ಟವಾದ ಸತ್ಯ ನನ್ನ ಕೈಗೆ ಜೀವನದಲ್ಲಿ ಎಂದೂ ಸಿಕ್ಕಿರಲಿಲ್ಲ. ಆದರೆ ನನ್ನ ಮಾತನ್ನು ಇನ್ನೂ ನಂಬುವವನು ತಾಲ್ಲೂಕಿನಲ್ಲಿ ಉಳಿದಿದ್ದುದೇ ಒಬ್ಬ, ಅವನು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದ.

"ಹೆಂಗೈತೆ?"

"ಚೆನ್ನಾಗಿದೆ. ತುಪ್ಪ ಸ್ವಲ್ಪ ಹೆಚ್ಚಾಯಿತು" ಎಂದೆ.

"ಹೌದಾ? ನಾಳೆಯಿಂದ ಕಮ್ಮಿ ಮಾಡಾಣ ಬಿಡು" ಎನ್ನುತ್ತ ಅವನು ಸಂತೋಷದಿಂದ ಹೆಂಚಿನತ್ತ ಹೋದ.