ಹೊಸ ಕೋಚ್‌ನ ಮೊದಲ ಪಂದ್ಯ

ಆ ಭಾನುವಾರ ಬೆಳಿಗ್ಗೆ ವುಕಾಶಿನ್ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಬೆಟ್ಟಿಂಗ್ ಅಂಗಡಿಯಲ್ಲಿ ಕೂತು, "ಅದೆಲ್ಲ ಸುಳ್ಳು" ಎಂದುಬಿಟ್ಟ.

ಸುಳ್ಳೆಂದದ್ದು ಮೊರಾವಾ ನದಿ ದಂಡೆಯ ಆ ಊರು ದೇವರನ್ನು ನಂಬಿದಷ್ಟೇ ಗಟ್ಟಿಯಾಗಿ ನಂಬಿದ್ದ ಮಾತನ್ನು: ಕೋಚನ್ನು ಬದಲಿಸಿದ ತಂಡ ಮೊದಲ ಪಂದ್ಯ ಗೆದ್ದೇ ಗೆಲ್ಲುತ್ತದೆ. ಊರಿನ ಫುಟ್‌ಬಾಲ್ ತಂಡದ ಕೋಚನ್ನು ಹಿಂದಿನ ದಿನವಷ್ಟೇ ಕಿತ್ತುಹಾಕಿ ಹೊಸಬನನ್ನು ಗೊತ್ತುಮಾಡಿದ್ದರು. ಮಧ್ಯಾಹ್ನ ಎರಡಕ್ಕೆ ಪಂದ್ಯ. ಊರಿಗೆ ಊರೇ ತಂಡದ ಮೇಲೆ ಬಾಜಿ ಕಟ್ಟಿ ಚೀಟಿ ಜೇಬಿಗಿಳಿಸಿತ್ತು.

ಅಂಚೆ ಗುಮಾಸ್ತ ವುಕಾಶಿನ್ ಬಾಜಿ ಕಟ್ಟುವವನಲ್ಲ. ಆರು ವರ್ಷದಿಂದ ಫಲಿತಾಂಶಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ, ಅಷ್ಟೆ.

"ಹೊಸ ಕೋಚ್ ಬಂದ ಮೇಲಿನ ಮೊದಲ ಪಂದ್ಯ ಇನ್ನೂರು ನೋಡಿದೀನಿ. ಗೆದ್ದದ್ದು ಎಪ್ಪತ್ತು. ಕೋಚನ್ನ ಬದಲಿಸದ ಅಂಥದೇ ತಂಡಗಳು ಗೆದ್ದದ್ದೂ ಅಷ್ಟೇ."

"ನಿನ್ನ ಹೆಂಡ್ತಿ ಬಿಟ್ಟುಹೋಗಿದ್ದು ಈ ಪುಸ್ತಕ ನೋಡೇ ಅಲ್ವೇನೋ?" ಎಂದಳು ಗಲ್ಲಾದಲ್ಲಿದ್ದ ಗೊರ್ದಾನಾ.

ತಂಡದ ಅಧ್ಯಕ್ಷ, ಮಾಂಸದಂಗಡಿಯ ರಾಡಿಸಾವ್ ಎದ್ದು ನಿಂತ. "ಇವತ್ತು ಗೆದ್ರೆ ಆ ಪುಸ್ತಕ ನನ್ನ ಒಲೆಗೆ. ಸೋತ್ರೆ, ನೀನು ಹೇಳಿದ್ದೇ ಸರಿ ಅಂತ ಬೀದೀಲಿ ನಿಂತು ಕೂಗ್ತೀನಿ. ಕೈ ಕೊಡು."

ತನ್ನ ಮಾತನ್ನು ಯಾರಾದರೂ ಒಪ್ಪಬಹುದೆಂಬ ಆಸೆ ವುಕಾಶಿನ್‌ಗೆ ಆರು ವರ್ಷದಲ್ಲಿ ಮೊದಲ ಸಲ ಹುಟ್ಟಿತು. ಕೈ ಕೊಟ್ಟ.

ಒಂದು ಗಂಟೆಗೆ ಅದೇ ರಾಡಿಸಾವ್ ಕೋಚ್ ತೊಡುವ ಅಂಗಿಯನ್ನು ಕೈಯಲ್ಲಿ ಹಿಡಿದು ವುಕಾಶಿನ್‌ನ ಮನೆ ಬಾಗಿಲು ಬಡಿದ.

"ಹೊಸ ಕೋಚ್ ಬರಲ್ಲ. ಅವರ ಮನೇಲಿ ಇವತ್ತು ಸ್ಲಾವಾ. ಕುಲದ ಸಂತನ ಹಬ್ಬದ ದಿನ ನೆಂಟರನ್ನ ಬಿಟ್ಟು ಯಾರು ಬರ್ತಾರೆ? ನೀನೇ ಬಾ."

"ನಾನಾ? ಯಾಕಣ್ಣಾ?"

"ಬಾಜಿ ಕಟ್ಟಿದವರು ಕೋಚ್ ಆಗೋ ಹಾಗಿಲ್ಲ. ಊರಲ್ಲಿ ಚೀಟಿ ಇಲ್ಲದ ಗಂಡಸು ನೀನೊಬ್ಬನೇ."

ಅಂಗಿ ಅವನ ಮೇಲೆ ಗೂಟಕ್ಕೆ ನೇತುಹಾಕಿದ ಗೋಣಿಚೀಲದಂತಿತ್ತು. ಮೈದಾನದ ಅಂಚಿನಲ್ಲಿ ನಿಂತಾಗ ಅವನಿಗೆ ಅರ್ಥವಾಯಿತು. ಗೆದ್ದರೆ ಪುಸ್ತಕವನ್ನು ಸುಡುತ್ತಾರೆ, ಸೋತರೆ ತನ್ನನ್ನೇ ಸುಡುತ್ತಾರೆ. ಪುಸ್ತಕವೇ ಉಳಿಯಲಿ ಎಂದು ನಿರ್ಧರಿಸಿದ.

ಎಂಬತ್ತನೆಯ ನಿಮಿಷದವರೆಗೂ ಗೋಲಿಲ್ಲ. ಆಗ ವುಕಾಶಿನ್ ತಂಡದ ಅತ್ಯುತ್ತಮ ಆಟಗಾರನನ್ನು ಹೊರಗೆ ಕರೆದು, ಬೇಕರಿಯ ಝಿವ್ಕೋನನ್ನು ಒಳಗೆ ಕಳಿಸಿದ. ಝಿವ್ಕೋನ ಮೊಣಕಾಲು ಮಡಚುತ್ತಿರಲಿಲ್ಲ.

"ಲೋ, ತಲೆ ಕೆಟ್ಟಿದೆಯೇನೋ ನಿಂಗೆ?" ಎಂದು ಇಡೀ ಊರು ಕಿರುಚಿತು.

ಝಿವ್ಕೋ ಎದುರಾಳಿಗಳ ಗೋಲಿನ ಮುಂದೆ ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದ. ಯಾರೋ ಒದ್ದ ಚೆಂಡು ಅವನ ಕುಂಡೆಗೆ ಬಡಿದು ಗೋಲಿನೊಳಗೆ ಹೋಯಿತು.

ವುಕಾಶಿನ್ ಸಿಡಿಲು ಬಡಿದವನಂತೆ ನಿಂತ. ಆಮೇಲೆ ರೆಫರಿಯ ಕಡೆ ಓಡಿದ. "ಆಫ್‌ಸೈಡ್! ಸ್ವಾಮಿ, ಅದು ಆಫ್‌ಸೈಡ್!"

ತನ್ನದೇ ತಂಡದ ಗೋಲು ಬೇಡವೆಂದ ಕೋಚನ್ನು ರೆಫರಿ ಹುಟ್ಟಿದಾರಭ್ಯ ಕಂಡಿರಲಿಲ್ಲ. ಹಳದಿ ಕಾರ್ಡ್ ತೋರಿಸಿ ಗೋಲು ಕೊಟ್ಟ.

ಸಂಜೆ ರಾಡಿಸಾವ್‌ನ ಅಂಗಡಿಯ ಮುಂದೆ ಆರು ವರ್ಷದ ಪುಟಗಳು ಕೆಂಡಕ್ಕೆ ಬಿದ್ದವು. ಮೇಲೆ ಮಾಂಸ ಚಟಪಟ ಬೇಯುತ್ತಿತ್ತು.

"ಒಂದು ಪಂದ್ಯದಿಂದ ಏನೂ ಗೊತ್ತಾಗಲ್ಲ," ಎಂದ ವುಕಾಶಿನ್, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ. "ಮುಂದಿನ ಭಾನುವಾರ ನನ್ನ ಎರಡನೇ ಪಂದ್ಯ. ಸೋತೇ ಸೋಲ್ತೀವಿ. ಆಗ ಮಾತಾಡಿ."

"ಯಾವ ಎರಡನೇ ಪಂದ್ಯ?" ರಾಡಿಸಾವ್ ನಿಜಕ್ಕೂ ಆಶ್ಚರ್ಯಪಟ್ಟ. "ನಿನ್ನ ಆಗಲೇ ತೆಗೆದಾಯ್ತಲ್ಲ. ಹೊಸ ಕೋಚ್ ಗೆಲ್ತಾನೆ ಅಂತ ನೀನೇ ತೋರಿಸಿಕೊಟ್ಟೆ. ಇನ್ಮೇಲೆ ವಾರಕ್ಕೊಬ್ಬ ಹೊಸ ಕೋಚ್. ಅವನು ಆ ವಾರ ಮಾತ್ರ ಬಾಜಿ ಕಟ್ಟಲ್ಲ, ಊರು ಗೆಲ್ಲುತ್ತೆ."

ಪುಸ್ತಕದಲ್ಲಿ ಸುಡದೆ ಉಳಿಸಿಕೊಂಡಿದ್ದ ಒಂದೇ ಒಂದು ಖಾಲಿ ಹಾಳೆಯಲ್ಲಿ ಕೋಚ್ ಸರದಿಗೆ ಹೆಸರು ಬರೆಸಲು ನೆರೆಯವರೆಲ್ಲ ಸಾಲು ನಿಂತಿದ್ದರು. ಗೊರ್ದಾನಾ ಮೂರನೆಯವಳು.

"ನಿನ್ನ ಹೆಸರೂ ಹಾಕಿದೀನಿ, ಹನ್ನೆರಡನೇದು," ಎಂದು ರಾಡಿಸಾವ್ ಅವನ ಬೆನ್ನು ತಟ್ಟಿದ. "ಬೇಜಾರು ಮಾಡ್ಕೋಬೇಡ ಮಾರಾಯ. ಅಷ್ಟರೊಳಗೆ ನೀನು ಮತ್ತೆ ಹೊಸಬನಾಗಿರ್ತೀಯ."