ಅರಮನೆ ಸುಟ್ಟ ಮಾವ

ನಮ್ಮ ಸೋದರಮಾವ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡೇ ಒಂದು ದೇವಸ್ಥಾನವನ್ನು ತಲೆಕೆಳಗು ಮಾಡಿದವರು, ಒಂದು ಅರಮನೆಯನ್ನು ಸುಟ್ಟವರು. ಪೊಲೀಸರು ಹಿಡಿಯಲಿಲ್ಲವೇ ಎನ್ನುತ್ತೀರಾ? ಅವರೂ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದರು!

ತೊಂಬತ್ತರ ದಶಕದ ಮಾತು. ನಮ್ಮೂರಿನ ಹವ್ಯಾಸಿ ನಾಟಕ ತಂಡಕ್ಕೆ ಕಾಡಿಗೂ ಅರಮನೆಗೂ ಇದ್ದದ್ದು ಒಂದೇ ಹರಕು ಪರದೆ. ಮಾವ ಒಂದು ದಿನ ಅದನ್ನು ನೋಡಿ, "ಬಣ್ಣದಲ್ಲಿ ಯಾಕ್ರಪ್ಪಾ ಬರೆಸ್ತೀರಿ? ಬೆಳಕಲ್ಲೇ ಬರೆಯೋಣ" ಎಂದರು. ಎಣ್ಣೆ ಡಬ್ಬಿಯೊಳಗೆ ದೊಡ್ಡ ಬಲ್ಬು, ಮುಂದೆ ಒಂದು ಭೂತಗನ್ನಡಿ, ನಡುವೆ ಚಿತ್ರದ ಸ್ಲೈಡು ಸಿಕ್ಕಿಸಲು ಸಂದು. ಹೀಗೆ ಸ್ಲೈಡ್ ಪ್ರೊಜೆಕ್ಟರ್ ಹುಟ್ಟಿತು.

ಮೊದಲ ಪ್ರಯೋಗಕ್ಕೆ ಹಳೇಬೀಡಿನ ದೇವಸ್ಥಾನದ ಚಿತ್ರ. ಬಿಳಿ ಪಂಚೆಯ ಪರದೆಯ ಮೇಲೆ ದೇವಸ್ಥಾನ ಮೂಡಿತು, ಆದರೆ ತಲೆಕೆಳಗಾಗಿ. ಭೂತಗನ್ನಡಿ ಚಿತ್ರವನ್ನು ಬುಡಮೇಲು ಮಾಡುತ್ತದೆಂದು ಮಾವನಿಗೆ ಯಾರು ಹೇಳಿದ್ದರು? ರಾಜನ ಪಾತ್ರ ಮಾಡುತ್ತಿದ್ದ ನಮ್ಮೂರ ಟೈಲರ್ ಮಾತ್ರ ಎದೆಗುಂದಲಿಲ್ಲ. "ಮಂತ್ರಿಗಳೇ, ಶತ್ರುಗಳ ಉಪಟಳ ಎಲ್ಲಿಗೆ ಮುಟ್ಟಿದೆ ನೋಡಿ" ಎಂದುಬಿಟ್ಟ.

ಮುಂದೆ ಜಾವಗಲ್ಲಿನ ನಾಟಕಕ್ಕೆ ಮಾವ ಸ್ಲೈಡನ್ನು ತಿರುಗಿಸಿ, ಚಿತ್ರ ನೆಟ್ಟಗೆ ಕಾಣುವಂತೆ ಹಾಕಿದರು. ಈ ಸಲ ಬಲ್ಬಿನ ಕಾವಿಗೆ ಫಿಲ್ಮು ಕರಗಿ, ಅರಮನೆ ನಡುವಿನಿಂದ ಗುಳ್ಳೆಯೆದ್ದು ಕಪ್ಪಾಯಿತು. ಪಟ್ಟಾಭಿಷೇಕ ಆಗಬೇಕಿದ್ದ ಟೈಲರ್ ಕಿರೀಟ ಹಿಡಿದು ಓಡಿದ. ಮಾವ ಫಿಲ್ಮಿನ ಗೊಡವೆಯೇ ಬೇಡವೆಂದು ಗಾಜಿನ ಮೇಲೆ ತಾವೇ ಚಿತ್ರ ಬರೆಯತೊಡಗಿದರು. ಡಬ್ಬಿಗೆ ತೂತು ಕೊರೆದು ಮನೆಯ ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿಟ್ಟರು. "ಈ ಮನೇಲಿ ನನಗಿಂತ ಆ ಡಬ್ಬಿಗೇ ಸೆಕೆ ಜಾಸ್ತಿ ಕಣ್ರೀ" ಎಂದರು ಅತ್ತೆ.

ಎದುರಿನಿಂದ ಬೆಳಕು ಬಿಟ್ಟರೆ ಅರಮನೆಯ ಕಂಬ ನಾಯಕಿಯ ಮೂಗಿನ ಮೇಲೆ ನಿಲ್ಲುತ್ತಿತ್ತು. ಡಬ್ಬಿಯನ್ನು ರಂಗದ ಪಕ್ಕಕ್ಕೆ ಒಯ್ದರೆ ಚಿತ್ರ ಒಂದು ಕಡೆಗೆ ಎಳೆದುಕೊಳ್ಳುತ್ತಿತ್ತು. ಬೇರೆ ಯಾರಾದರೂ ಕೈಬಿಡುತ್ತಿದ್ದರು. ಮಾವ ಕೊಬ್ಬರಿ ಗೋದಾಮಿನ ಗೋಡೆಗೆ ಬೆಳಕು ಬಿಟ್ಟು ಬಿಟ್ಟು, ಕೊನೆಗೆ ಗಾಜಿನ ಮೇಲೆಯೇ ಚಿತ್ರವನ್ನು ಎದುರು ದಿಕ್ಕಿಗೆ ಸೊಟ್ಟಗೆ ಬರೆದರು. ಕೈಯಲ್ಲಿ ಹಿಡಿದರೆ ಕಂಬಗಳೆಲ್ಲ ಕುಡಿದವರಂತೆ ವಾಲುತ್ತಿದ್ದವು, ಪರದೆಗೆ ಬಿದ್ದಾಗ ಗಾರೆಯವರು ತೂಗುಗುಂಡು ಹಿಡಿದು ಕಟ್ಟಿದ ಹಾಗೆ ನೆಟ್ಟಗೆ! ಆ ದಿನ ನಾನು ಮಾವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆಮೇಲೊಂದು ಸಂಜೆ ಬೇಲೂರಿನಲ್ಲಿ ನಾಟಕ. ಅಲ್ಲೇ ನೆಂಟರ ಮದುವೆಯಿದ್ದುದರಿಂದ, ಎಂದೂ ನಾಟಕಕ್ಕೆ ಬಾರದ ಅತ್ತೆಯೂ ನನ್ನ ಪಕ್ಕ ಕುಳಿತಿದ್ದರು. ರೈತನ ಮನೆಯ ದೃಶ್ಯ ಬಂತು. ಪರದೆಯ ಮೇಲೆ ಹೆಂಚಿನ ಮನೆ, ಉದ್ದನೆಯ ಜಗಲಿ, ನೀಲಿ ಬಾಗಿಲು, ಬಾಗಿಲವಾಡದ ಮೇಲೆ ಕೆತ್ತಿದ ಎರಡು ಗಿಣಿ. ಒಂದಕ್ಕೆ ಕೊಕ್ಕಿರಲಿಲ್ಲ.

ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. "ನಮ್ಮಪ್ಪನ ಮನೆ ಕಣೇ" ಎಂದರು.

ಹಗರೆ ಊರಿನ ಆ ಮನೆಯನ್ನು ಅವರ ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಕೆಡವಿ ಎಷ್ಟೋ ವರ್ಷಗಳಾಗಿದ್ದವು. ಅದರ ಒಂದು ಫೋಟೋ ಕೂಡ ಯಾರಲ್ಲೂ ಇರಲಿಲ್ಲ. ದೃಶ್ಯ ಮುಗಿಯುವವರೆಗೂ ಅತ್ತೆ ನಟರನ್ನು ನೋಡಲೇ ಇಲ್ಲ.

ನಾಟಕ ಮುಗಿದ ಮೇಲೆ ಮಾವ ಡಬ್ಬಿ ಹೊತ್ತು ಬಂದರು. ಅತ್ತೆ ಕೇಳಿದರು, "ಆ ಗಿಣಿಗೆ ಕೊಕ್ಕಿಲ್ಲ ಅನ್ನೋದು ನಿಮಗೆ ಹೆಂಗ್ರೀ ನೆನಪಿತ್ತು?"

ಮಾವ ಡಬ್ಬಿಯನ್ನು ಕೆಳಗಿಟ್ಟು ಬೆವರು ಒರೆಸಿಕೊಂಡರು. "ಹೆಣ್ಣು ನೋಡೋಕೆ ಬಂದಿದ್ನಲ್ಲ. ನಿನ್ನ ಮುಖ ನೋಡೋಕೆ ನಾಚಿಕೆ. ಅಷ್ಟು ಹೊತ್ತೂ ಆ ಗಿಣೀನೇ ನೋಡ್ತಾ ಕೂತಿದ್ದೆ."

ಅತ್ತೆ ಬಗ್ಗಿ ಡಬ್ಬಿಯ ಒಂದು ಹಿಡಿಯನ್ನು ಹಿಡಿದರು. ಮಾವ ಇನ್ನೊಂದನ್ನು ಹಿಡಿದರು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು.